ಹಲ್ಲಿದ್ದ ಚಾಕು, ಹಲ್ಲಿಲ್ಲದ ಚಾಕು

ನಮ್ಮನ್ಯಾಗ ಸದ್ಯಕ್ಕ ಏಳು ಚಾಕು, ಒಂದು ಈಳಿಗಿ, ಒಂದು ಕುಡಗೋಲು ಅದಾವ. ಮೂರು ಮಂದಿ ಇರೋ ಮನಿಗೆ ಇಷ್ಟ್ಯಾಕ ಅಂತ ನಮ್ಮಾಕಿ ಕೇಳಿ ಕೇಳಿ ಬ್ಯಾಸತ್ತು ಬಿಟ್ಟಾಳ. ಟಿಳಕವಾಡಿಯೊಳಗ ಎರಡನೇ ಮಜಲಿ ಫ್ಲ್ಯಾಟಿನ್ಯಾಗ ಕುಡಗೋಲು ಇಟ್ಕೊಂಡು ಏನ್ ಕೊಯ್ತೀರಿ, ಬಾಲ್ಕನಿ ತುಳಸಿ ಏನ್ರಿ ಅಂತ ಬಂದವ್ರು ನಗ್ತಾರ. ನಗ್ಲಿ. ಅದರ ಕತಿ ಕಡೀಕ ಬರ್ತೈತಿ.

ನಾ ಉದ್ಯಮಬಾಗದಾಗ ಒಂದು ಫೌಂಡ್ರಿಯೊಳಗ ಕ್ವಾಲಿಟಿ ಡಿಪಾರ್ಟ್‌ಮೆಂಟಿನ್ಯಾಗ ಕೆಲಸ ಮಾಡ್ತೀನಿ, ಬೆಳಗಾದ್ರ ಕಬ್ಬಿಣ ಎಷ್ಟ ಬಿರಸ ಐತಿ ಎಷ್ಟ ಮೆತ್ತಗ ಐತಿ ಅಂತ ಅಳಿಯೋದ ನನ್ನ ಉದ್ಯೋಗ. ಮೊನ್ನೆ ಟೀ ಟೈಮಿನ್ಯಾಗ ನಮ್ಮ ಸೆಕ್ಷನ್ನಿನ ಹುಡುಗ ಒಬ್ಬಾವ, ಹೊಸದಾಗಿ ಮದಿವಿ ಆದಾವ, "ಸರ್, ಮನಿಗೊಂದು ಚಾಕು ತಗೋಬೇಕ್ರಿ, ಹಲ್ಲಿಂದು ಚಲೋನೋ ಪ್ಲೇನ್ ಚಲೋನೋ?" ಅಂತ ಕೇಳಿದ. ಪಾಪ ಅವಂಗ ಬೇಕಾಗಿದ್ದು ಒಂದ ಮಾತಿನ ಉತ್ತರ. ನಾ ಶುರು ಮಾಡಿದ್ನಿ ನೋಡ್ರಿ, ಟೀ ಆರಿ ಹೋತು, ಸೈರನ್ ಆತು, ಇನ್ನೂ ಟೊಮೆಟೊ ತಂಕಾನೂ ಬಂದಿರ್ಲಿಲ್ಲ. ಮರುದಿನ ಕೇಳಿದ್ರ ಹನ್ನೆರಡು ಪೀಸಿನ ಸೆಟ್ಟು ಆನ್‌ಲೈನ್ ಆರ್ಡರ್ ಮಾಡಿ ಬಿಟ್ಟಿದ್ದ. ಅವಂಗ ಹೇಳಾಕ ಉಳದಿದ್ದು ಇಲ್ಲಿ ಬರ್ಯಾಕತ್ತೀನಿ, ಓದಿದ್ರ ಓದ್ಲಿ.

ನನ್ನ ಮೊದಲನೇ ಚಾಕು ಹಲ್ಲಿಂದ. 2011ರಾಗ ಬಾದಾಮಿ ತಾಲೂಕಿನ ನಮ್ಮೂರು ಬಿಟ್ಟು ಬೆಳಗಾವಿಗೆ ಬಂದಾಗ ಶಹಾಪುರದಾಗ ಒಂದು ರೂಮು ಹಿಡದಿದ್ನಿ, ಒಂದು ಸ್ಟೋವು, ಎರಡು ಭಾಂಡೆ, ಒಂದು ಚಾಪಿ. ಖಡೇಬಜಾರದಾಗ ಭಾಂಡೆ ಅಂಗಡಿಗೆ ಹೋಗಿ ಚಾಕು ಕೊಡ್ರಿ ಅಂದ್ರ ಅಂಗಡಿಯಾವ ಹಳದಿ ಹಿಡಿಕಿಂದು ಒಂದ ತಗದು, ಟೇಬಲ್ ಮ್ಯಾಗಿದ್ದ ಟೊಮೆಟೊ ಎತ್ತಿ, ಮೆತ್ತಗ ಆಗಿತ್ತದು, ಬೆರಳ ಒತ್ತಿದ್ರ ಒಳಗ ಹೋಗಂಗ, ಅದನ್ನ ಕಾಗದದಂಗ ತೆಳ್ಳಗ ಹೆಚ್ಚಿ ತೋರ್ಸಿದ. "ಇದಕ್ಕ ಸಾಣಿ ಗೀಣಿ ಏನೂ ಬೇಕಾಗಂಗಿಲ್ರಿ ಸಾಹೇಬ್ರ" ಅಂದ. 30 ರೂಪಾಯಿ. ಅವನ ಮಾತು ಸುಳ್ಳಲ್ಲ. ನಾಕು ವರ್ಷ ಅದಕ್ಕ ನಾ ಏನೂ ಮಾಡ್ಲಿಲ್ಲ, ಸ್ಟೀಲ್ ತಾಟಿನ ಮ್ಯಾಗ ಹೆಚ್ಚಿದ್ನಿ, ಕಡಪಾ ಕಲ್ಲಿನ ಕಟ್ಟಿ ಮ್ಯಾಗ ಹೆಚ್ಚಿದ್ನಿ, ಹಾಲಿನ ಪಾಕೀಟು, ಸುತಳಿ, ಕೊರಿಯರ್ ಡಬ್ಬಿ, ಎಲ್ಲಾ ಅದರಲೇನ. ಕೊಯ್ಕೋತನ ಹೋತು.

ಅದರ ಗುಟ್ಟು ಇಷ್ಟ. ಟೊಮೆಟೊ ಅಂದ್ರ ಮ್ಯಾಲ ಜಾರೋ ತೊಗಲು, ಒಳಗ ಬರೇ ನೀರು. ಪ್ಲೇನ್ ಅಲಗು ಮೊಂಡಾಗಿದ್ರ ನೀವು ಹಾಕಿದ ಜೋರೆಲ್ಲಾ ಅಲಗಿನ ಉದ್ದಕ್ಕೂ ಹಂಚಿ ಹೋಗತೈತಿ, ತೊಗಲು ಹರಿಯೂದಕ್ಕಿಂತ ಮೊದ್ಲ ಹಣ್ಣು ಅಪ್ಪಚ್ಚಿ. ಹಲ್ಲಿದ್ರ ಆ ಜೋರು ನಾಕೈದು ಚೂಪಿನ ಮ್ಯಾಗ ಬೀಳ್ತೈತಿ, ಚೂಪು ಮೊದ್ಲು ತೊಗಲಿಗೆ ಚುಚ್ಚಿ ದಾರಿ ಮಾಡತೈತಿ, ಎಳದ ಕೂಡ್ಲೆ ಹಲ್ಲಿನ ನಡುವಿನ ಗುಂಡಿ ಐತ್ಯಲ್ಲ, ಅದರ ಅಂಚು ಕೊಯ್ತೈತಿ. ನಿಜವಾದ ಕೆಲಸ ಮಾಡೋದು ಆ ಗುಂಡಿ. ತಾಟಿಗೆ, ಕಟ್ಟಿಗೆ ತಿಕ್ಕೋದು ಹಲ್ಲಿನ ತುದಿ ಅಷ್ಟ, ಗುಂಡಿ ಒಳಗ ಯಾವುದೂ ತಾಗಂಗಿಲ್ಲ, ಹಂಗಾಗಿ ಅದು ವರ್ಷಗಟ್ಲೆ ಹರಿತ ಉಳಿತೈತಿ. ಇನ್ನೊಂದು, ಹಲ್ಲಿನ ಚಾಕು ಹಿಡದವ್ರು ತಮಗ ಗೊತ್ತಿಲ್ದಂಗ ಎಳೀತಾರ, ಗರಗಸ ಹಿಡದಂಗ. ಪ್ಲೇನ್ ಹಿಡದವ್ರು ಒತ್ತತಾರ. ಎಳದು ಕೊಯ್ದ್ರ ಯಾವ ಅಲಗಿಗರ ಕಡಿಮಿ ಜೋರು ಸಾಕು, ಅರ್ಧಾ ಮಾಯಾ ಅಲ್ಲೇ ಐತಿ.

ಆದ್ರ ಅದೇ ಚಾಕುಲೆ ಕೊತ್ತಂಬ್ರಿ ಹೆಚ್ಚಿ ನೋಡ್ರಿ. ಎಲಿ ಹರದು, ಜಜ್ಜಿ, ಹಸರ ನೀರು ಬಿಟ್ಟು, ಹತ್ತ ನಿಮಿಷಕ್ಕ ಕರ್ರಗ. ಉಳ್ಳಾಗಡ್ಡಿ ಹೆಚ್ಚಿದ್ರ ಕಣ್ಣಾಗ ಗಂಗಾ ಮಲಪ್ರಭಾ ಎರಡೂ. ಯಾಕಂದ್ರ ಉಳ್ಳಾಗಡ್ಡಿ ಒಳಗಿನ ಸಣ್ಣ ಸಣ್ಣ ಕೋಶ ಒಡದಷ್ಟೂ ಕಣ್ಣುರಿಸೋ ಗ್ಯಾಸು ಜಾಸ್ತಿ, ಹರಿತ ಅಲಗು ಸೀಳಿ ಹೋಗತೈತಿ, ಹಲ್ಲು ಅರಕೊಂಡು ಹೋಗತೈತಿ. ಎಣಗಾಯಿಗೆ ಬದ್ನಿಕಾಯಿ ತುಂಬಿನ ತಂಕಾ ನಾಕು ಸೀಳ ಮಾಡಬೇಕು, ತುಂಬು ಬಿಡಬಾರ್ದು, ಆ ಕೆಲಸಂತೂ ಇದರಲೆ ಆಗಂಗೇ ಇಲ್ಲ. ಗಜ್ಜರಿ ಹೆಚ್ಚಿದ್ರ ಬಿಲ್ಲಿ ಒಂದು ಕಡೆ ದಪ್ಪ ಒಂದು ಕಡೆ ತೆಳು, ನನ್ನ ಕೈನ ಡೊಂಕು ಅಂತ ಬಾಳ ದಿನಾ ತಿಳಕೊಂಡಿದ್ನಿ. ಕೈ ಅಲ್ಲ. ಹಲ್ಲಿನ ಚಾಕು ಬಾಳಷ್ಟು ಒಂದ ಕಡಿಂದ ಅರದು ಮಾಡಿರ್ತಾರ, ಇನ್ನೊಂದು ಮಗ್ಗಲು ಚಪ್ಪಟಿ, ಹಂಗಾಗಿ ಅಲಗು ನೆಟ್ಟಗ ಇಳಿಯೂದು ಬಿಟ್ಟು ವಾಲತೈತಿ. ಬ್ರೆಡ್ಡಿನ್ಯಾಗ, ಗಜ್ಜರಿಯೊಳಗ ಇದು ಚಂದಾಗಿ ಕಾಣ್ತೈತಿ.

2015ರ ಶಿವರಾತ್ರಿ. ಉಪವಾಸಕ್ಕ ಗೆಣಸು ಕುದಸಬೇಕಂತ ದೊಡ್ಡ ಗೆಣಸೊಂದು ಎಡಗೈಯಾಗ ಹಿಡದು ಅದೇ ಹಳದಿ ಚಾಕುಲೆ ಕೊಯ್ಯಾಕತ್ತಿದ್ನಿ. ಅಷ್ಟೊತ್ತಿಗೆ ಹಲ್ಲಿನ ತುದಿ ಎಲ್ಲಾ ಸವದು ಗುಂಡಗಾಗಿ ಹೋಗಿದ್ವು, ಟೊಮೆಟೊದಾಗ ಅದು ಗೊತ್ತಾಗಿರ್ಲೇ ಇಲ್ಲ ನನಗ. ಗೆಣಸಿನ್ಯಾಗ ಹಲ್ಲು ಕಚ್ಚಿ ನಿಂತ್ವು, ನಾ ಜೋರು ಹಾಕಿದ್ನಿ, ಪಟ್ಟನ ಬಿಟ್ಟು ತೋರಬೆರಳಿನ ಮ್ಯಾಗ. ಎರಡು ಸಲ ಹಿಂದ ಮುಂದ ಎಳಿತೋ ಏನೋ, ಅಷ್ಟರಾಗ ಮುಗದ ಹೋಗಿತ್ತು. ದವಾಖಾನ್ಯಾಗ ಡಾಕ್ಟ್ರು ಬೆರಳು ತಿರಿಗಿಸಿ ನೋಡಿ, "ಗರಗಸಲೆ ಕೊಯ್ಕೊಂಡ್ರೇನ್ರಿ? ಅಂಚು ಕೂಡಸಾಕ ಬರವಲ್ದು" ಅಂದ್ರು. ನಾಕು ಹೊಲಿಗಿ. ಸ್ವಚ್ಛ ಗಾಯ ಆದ್ರ ತೆಳ್ಳನ ಗೆರಿ ಉಳಿತೈತಿ, ನನ್ನ ಬೆರಳಿನ್ಯಾಗ ಇನ್ನೂ ಒಂದು ಗಂಟು ಐತಿ, ಥಂಡಿ ದಿನಕ್ಕ ಕೀಬೋರ್ಡ್ ಒತ್ತಿದ್ರ ಜುಮ್ ಅಂತೈತಿ.

ಆವತ್ತಿಂದ ನಾ ಪ್ಲೇನ್ ಪಕ್ಷ ಸೇರಿದ್ನಿ. ಹೊಸದಾಗಿ ಮತ ಬದಲಿಸಿದವ್ರಿಗೆ ಹುರುಪು ಜಾಸ್ತಿ ನೋಡ್ರಿ. 20 ಸೆಂಟಿಮೀಟರಿನ ಚಲೋ ಚಾಕು ತಗೊಂಡ್ನಿ, 1000 ಗ್ರಿಟ್ಟಿನ ಸಾಣಿಕಲ್ಲು, ಅದು ಸಾಲ್ದಂತ ಇನ್ನೂ ನುಣ್ಣನ 6000ದ್ದು, ವಿಡಿಯೋ ನೋಡಿ ನೋಡಿ 15 ಡಿಗ್ರಿ ಕೋನ ಕೈಗೆ ರೂಢಿ ಮಾಡ್ಕೊಂಡ್ನಿ. ಒಂದ್ ದಿನಾ ಫೌಂಡ್ರಿಗೂ ಒಯ್ದು ಬಿರಸುತನ ಅಳಿಯೋ ರಾಕ್‌ವೆಲ್ ಮಶೀನಿನ ಮ್ಯಾಲೂ ಇಟ್ನಿ, ವಜ್ರದ ಸೂಜಿ 150 ಕೆಜಿ ಭಾರಲೆ ಬೆನ್ನಿನ್ಯಾಗ ಒತ್ತಿದ್ರ 55 ಬಂತು. ಆ ಸಣ್ಣ ಗುಳಿ ಇನ್ನೂ ಐತಿ ಅದರ ಮ್ಯಾಗ, ನಮ್ಮಾಕಿ ಅದಕ್ಕ ದೃಷ್ಟಿಬೊಟ್ಟು ಅಂತಾಳ. ಸ್ಟೇನ್‌ಲೆಸ್ ಚಾಕುವಿಗೆ 55 ಅಂದ್ರ ತಕ್ಕಮಟ್ಟಿಗೆ ಚಲೋ. 1913ರಾಗ ಶೆಫೀಲ್ಡಿನ್ಯಾಗ ಹ್ಯಾರಿ ಬ್ರಿಯರ್ಲಿ ತುಕ್ಕು ಹಿಡಿಯದ ಉಕ್ಕು ಮಾಡಿದಾಗ ಅಲ್ಲಿಯ ಚಾಕು ಮಾಡೋರು ಇದು ಕೊಯ್ಯಂಗಿಲ್ಲ ಅಂತ ನಕ್ಕಿದ್ರಂತ. ಆಮ್ಯಾಲ ಹದಾ ಮಾಡೋದು ಕಲತ್ರು, ಇವತ್ತ ಎಲ್ಲರ ಮನ್ಯಾಗೂ ಅದ ಐತಿ. ಇರ್ಲಿ, ನನ್ನ ಚಾಕು ಅಷ್ಟ ನುಣ್ಣಗಾಗಿತ್ತು ಅಂದ್ರ ಅಲಗಿನ ಮಗ್ಗಲಾಗ ಮಾರಿ ಕಾಣ್ತಿತ್ತು, ಮುಂಗೈ ಕೂದಲು ಬೋಳಿಸ್ತಿತ್ತು. ಮನಿಗೆ ಬಂದವ್ರಿಗೆಲ್ಲಾ ಮುಂಗೈ ತೋರ್ಸಾವ ನಾ. ನಾಚಿಗಿಲ್ಲದ ಚಟ.

ಅಪ್ಪ ತೀರ್ಕೊಂಡ ಮ್ಯಾಲ ಅವ್ವ ನಮ್ಮ ಕೂಡ ಇರಾಕ ಬಂದ್ಳು. ಬರೋವಾಗ ಒಂದು ಟ್ರಂಕು, ಒಂದು ಕೌದಿ, ಮತ್ತ ಹಳೇ ಲುಂಗಿಯೊಳಗ ಸುತ್ತಿದ ಈಳಿಗಿ. ಆ ಈಳಿಗಿ ಒಮ್ಮೆ ಸರಿಯಾಗಿ ನೋಡ್ರಿ, ನಿಮ್ಮನ್ಯಾಗಿದ್ರ ಈಗ್ಲೇ ಎದ್ದು ಹೋಗಿ ನೋಡ್ರಿ: ಮಣಿ ಮ್ಯಾಗ ಕುಂತ್ಕೊಂಡ್ರ ಎದುರಿಗೆ ಬಾಗಿದ ಅಲಗು, ಪೂರ್ತಿ ಪ್ಲೇನ್, ಅದರ ನೆತ್ತಿ ಮ್ಯಾಗ ಕೊಬ್ರಿ ಹೆರಿಯೋ ಬಿಲ್ಲಿ, ಪೂರ್ತಿ ಹಲ್ಲು. ನಾ ವರ್ಷಗಟ್ಲೆ ಅದೋ ಇದೋ ಅಂತ ತಲಿ ಕೆಡಿಸ್ಕೊಂಡಿದ್ದು ಒಂದ ಕಬ್ಬಿಣದ ತುಂಡಿನ್ಯಾಗ ಅಕ್ಕ ತಂಗಿ ಹಂಗ ಕುಂತಿದ್ವು.

ಒಂದ್ ಆಯ್ತಾರ ಅವ್ವನ ಮುಂದ ನನ್ನ ಕನ್ನಡಿ ಚಾಕು ತೋರ್ಸಬೇಕಂತ ಟೊಮೆಟೊ ಇಟ್ಕೊಂಡ್ನಿ. ಜಾರಿತು. ಕೂದಲ ಬೋಳ್ಸೋ ಚಾಕು ಟೊಮೆಟೊ ತೊಗಲಿನ ಮ್ಯಾಗ ಐಸ್ ಮ್ಯಾಗ ಜಾರಿದಂಗ ಜಾರಿತು. ವಾರಾ ಆಗಿತ್ತು ಸಾಣಿ ಹಿಡದು, ಆದ್ರೂ ಮುಂಗೈ ಕೂದಲಂತೂ ಇನ್ನೂ ಹೋಗ್ತಿತ್ತು. ಅವ್ವ ಸುಮ್ನ ನೋಡಿದ್ಳು, ಚಾಕು ಕಸ್ಕೊಂಡ್ಳು, ಉಪ್ಪಿನಕಾಯಿ ಭರಣಿ ಬೋರಲ ಹಾಕಿ, ಅದರ ತಳದಾಗ ಒರಟ ಸುತ್ತು ಇರ್ತೈತ್ಯಲ್ಲ ಬಣ್ಣ ಹತ್ತಲಾರದ್ದು, ಅದರ ಮ್ಯಾಗ ಚರ್ ಚರ್ ಅಂತ ಈ ಕಡೆ ಎರಡು, ಆ ಕಡೆ ಎರಡು ಎಳದ್ಳು. ನನ್ನ ಕರಳ ಕಿತ್ತ ಬಂದಂಗಾತು, 6000 ಗ್ರಿಟ್ಟಿನ ಪಾಲಿಶು! ಆಮ್ಯಾಲ ಟೊಮೆಟೊ ಮ್ಯಾಗ ಇಟ್ಟು ಎಳದ್ಳು ನೋಡ್ರಿ, ತಾನ ಇಳಿತು. "ಕನ್ನಡಿ ಮಾಡಿದ್ರ ಮಾರಿ ನೋಡ್ಕೋಬೇಕು ಯಪ್ಪಾ, ಕೊಯ್ಯಾಕ ಬಾಯಿ ಇರಬೇಕು" ಅಂದ್ಳು.

ನನಗ ರಾತ್ರಿ ನಿದ್ದಿ ಬರ್ಲಿಲ್ಲ. ಸೋಮವಾರ ಚಾಕು ಮತ್ತ ಬ್ಯಾಗಿನ್ಯಾಗ. ನಮ್ಮ ಲ್ಯಾಬಿನ್ಯಾಗ ಮೈಕ್ರೋಸ್ಕೋಪ್ ಐತಿ, ಬೀಡಿನ, ಅಂದ್ರ ಎರಕದ ಕಬ್ಬಿಣದ, ಒಳಗ ಗ್ರಾಫೈಟ್ ಹೆಂಗ ಕುಂತೈತಿ ಅಂತ ನೋಡಾಕ, 100 ಪಟ್ಟು ದೊಡ್ಡದು ಮಾಡತೈತಿ. ಅಲಗಿನ ಅಂಚು ಅದರ ಕೆಳಗ ಹಿಡದ್ನಿ. ಅರ್ಧಾ ಅಲಗಿಗೆ ಅವ್ವನ ಭರಣಿ ತಾಗಿತ್ತು, ಹಿಡಿಕಿ ಕಡಿ ಅರ್ಧಾ ನನ್ನ ಪಾಲಿಶು ಹಂಗೇ ಇತ್ತು. ನನ್ನ ಕಡಿ ನೆಟ್ಟಗ ಗೆರಿ, ಅಲ್ಲಲ್ಲಿ ವಾರದ ಕೆಲಸಕ್ಕ ತುದಿ ಮಡಚಿ ಮಿಂಚಾಕತ್ತಿತ್ತು. ಅವ್ವನ ಕಡಿ ಹಲ್ಲೇ ಹಲ್ಲು. ಕುಡಗೋಲಿನ ಹಲ್ಲಿನಂಗ ಒಂದ ಸಮ ಅಲ್ಲ, ಒಡಕು ಒಡಕು, ದೊಡ್ಡದು ಸಣ್ಣದು, ಆದ್ರ ಹಲ್ಲೇ. ಪ್ಲೇನ್ ಅಂತ ನಾವು ಕರಿಯೋ ಅಲಗು ಖರೇ ಹೇಳ್ಬೇಕಂದ್ರ ಯಾವತ್ತೂ ಪ್ಲೇನ್ ಇರಂಗಿಲ್ಲ, ಸಾಣಿಕಲ್ಲಿನ ಒಂದೊಂದು ಕಾಳೂ ಒಂದೊಂದು ಗೀರು ಹಾಕತೈತಿ, ಆ ಗೀರು ಅಂಚಿಗೆ ಬಂದು ಮುಟ್ಟಿದಲ್ಲಿ ಒಂದು ಹಲ್ಲು. ಒರಟ ಕಲ್ಲಿಗೆ ಒರಟ ಹಲ್ಲು, ನುಣ್ಣನ ಕಲ್ಲಿಗೆ ಕಣ್ಣಿಗೆ ಕಾಣಲಾರದ ಹಲ್ಲು. ಎಳದು ಕೊಯ್ಯೋ ಪದಾರ್ಥಕ್ಕ, ಟೊಮೆಟೊ, ಹಗ್ಗ, ಮೆಣಸಿನಕಾಯಿ, ಇವಕ್ಕ ಒರಟ ಬಾಯಿ ಬೇಕು. ಒತ್ತಿ ಇಳಿಸೋ ಕೆಲಸಕ್ಕ, ಗಡ್ಡ ಬೋಳಿಸೋದಕ್ಕ, ಕಟಗಿ ಕೆತ್ತೋದಕ್ಕ ನುಣ್ಣನ ಬಾಯಿ ಬೇಕು. ಹಲ್ಲೋ ಪ್ಲೇನೋ ಅನ್ನೋ ಪ್ರಶ್ನಿ ಅವತ್ತ ನನ್ನ ಮಟ್ಟಿಗೆ ಎಷ್ಟು ದೊಡ್ಡ ಹಲ್ಲು ಅನ್ನೋ ಪ್ರಶ್ನಿ ಆಗಿ ಹೋತು.

ಅವ್ವಗ ಇದು ಹೇಳಿದ್ನಿ. "ಅದಕ್ಕೇನ್ ದುರ್ಬೀನು ಬೇಕಿತ್ತಾ" ಅಂದ್ಳು. ನಮ್ಮೂರ ಮನಿ ಹಿತ್ತಲ ಬಾಗಿಲಿಗೆ ಕೆಂಪ ಕಲ್ಲಿನ ಮೆಟ್ಟಲ ಐತಿ, ಅದರ ಬಲಗಡಿ ಮೂಲಿ ಬೊಗಸಿ ಹಂಗ ತೆಗ್ಗ ಬಿದ್ದೈತಿ, ಮೂರ ತಲಿಮಾರು ಅಲ್ಲೇ ಮಸದು ಮಸದು. ಬಾದಾಮಿ ಕಡಿ ಉಸುಕುಗಲ್ಲು ಅದು, ಗುಹಾ ಕೊರದದ್ದೂ ಅದೇ ಕಲ್ಲಿನ್ಯಾಗ, ಮೂರನೇ ಗುಹಾದಾಗ ಮಂಗಳೇಶನ 578ನೇ ಇಸ್ವಿ ಶಾಸನ ಐತ್ಯಲ್ಲ, ಆ ಕಲ್ಲು. ಅದರಾಗಿನ ಕಾಳು ಬಾಳಷ್ಟು ಕ್ವಾರ್ಟ್ಜು, ಬಿರಸುತನದಾಗ ಕಬ್ಬಿಣದ ಮ್ಯಾಲ. ಚಾಲುಕ್ಯರ ಕಲ್ಲುಕುಟಿಗ್ರೂ ಚಾಣ ಅದರ ಮ್ಯಾಲೇ ಮಸದಿರಬೇಕು ಅಂತ ನನ್ನ ಅಂದಾಜು, ಕೈಯಾಗ ಕಲ್ಲ ಇದ್ದಾಗ ಸಾಣಿ ಹುಡುಕ್ಕೊಂಡು ಯಾರ ಹೋಗ್ತಾರ.

ಈಗ ಕುಡಗೋಲಿಗೆ ಬರ್ತೀನಿ. ಚಾಕುವಿನ ಹಲ್ಲು ಈಗಿನ ಫ್ಯಾಶನ್ನು, ಆದ್ರ ಬೆಳಿ ಕೊಯ್ಯೋ ಹಲ್ಲು ಮನಷ್ಯಾ ಒಕ್ಕಲುತನ ಕಲಿಯೂದಕ್ಕಿಂತಲೂ ಹಳೇದು. ಆಗಿನ ಪ್ಯಾಲೆಸ್ಟೈನಿನ, ಈಗಿನ ಇಸ್ರೇಲಿನ, ಕಾರ್ಮೆಲ್ ಗುಡ್ಡದ ಗವಿಯೊಳಗ 1929ರ ನಂತ್ರ ಡೊರೊಥಿ ಗ್ಯಾರೋಡ್ ಅನ್ನೋ ಹೆಣ್ಮಗಳು ಅಗದಾಗ ಎಲುವಿನ ಹಿಡಿಕಿಗೆ ಸಣ್ಣ ಸಣ್ಣ ಕಲ್ಲಿನ ಚಕ್ಕಿ ಸಾಲಾಗಿ ಕೂರಿಸಿ ಮಾಡೋ ಕುಡಗೋಲು ಸಿಕ್ಕಾವ, ಆ ಚಕ್ಕಿ ಹತ್ತ ಸಾವಿರ ವರ್ಷಕ್ಕಿಂತ ಹಿಂದಿನವು. ಅಂಚಿನ್ಯಾಗ ಒಂದ ಥರಾ ಹೊಳಪು ಬಂದಿರ್ತೈತಿ, ಹುಲ್ಲು ಕೊಯ್ದು ಕೊಯ್ದು ಬರೋ ಹೊಳಪು. ಹುಲ್ಲಿನ ಜಾತಿಯೊಳಗೆಲ್ಲಾ, ಜ್ವಾಳದ ರವದಿ, ಗೋದಿ, ಕಬ್ಬು, ಎಲ್ಲಾದರಾಗೂ ಸಿಲಿಕಾ ಇರ್ತೈತಿ, ಅಂದ್ರ ಉಸುಕಿನ ಸಂಬಂಧಿ. ಜ್ವಾಳದ ಹೊಲದಾಗ ಅಂಗಿ ಇಲ್ಲದ ಹೊಕ್ಕವ್ರಿಗೆ ಅದರ ಗೀರು ಗೊತ್ತು. ಆ ಸಿಲಿಕಾ ಪ್ಲೇನ್ ಅಲಗನ್ನ ಮಧ್ಯಾಹ್ನದೊಳಗ ಮೊಂಡ ಮಾಡಿ ಹಾಕತೈತಿ. ಹಲ್ಲಿದ್ರ ಒಂದ ಮುಷ್ಟಿ ಗೋದಿ ದಂಟು ಜಾರದಂಗ ಕಚ್ಚಿ ಹಿಡದು, ಒಂದ ಎಳತಕ್ಕ ಕೊಯ್ತೈತಿ.

ನಮ್ಮೂರಾಗ ಸುಗ್ಗಿಗಿಂತ ಮೊದ್ಲು ಕುಡಗೋಲು ಹೊತ್ಕೊಂಡು ಕಂಬಾರ ಸಾಲಿಗೆ ಹೋಗೋ ಕೆಲಸ ನಂದು. ಸಣ್ಣಾಂವ ಇದ್ದಾಗ ಅಲ್ಲಿ ಕುಂಡ್ರೋದು ಅಂದ್ರ ಸಾಲಿ ತಪ್ಪಿಸಿದ್ರೂ ನಡೀತಿತ್ತು ನನಗ. ಕಂಬಾರ ಕಾಕಾ ಹಳೇ ಕುಡಗೋಲು ಕುಲುಮಿಯೊಳಗ ಕಾಸಿ ಮೆತ್ತಗ ಮಾಡಿ, ಬಡದು ಅಂಚು ತೆಳ್ಳಗ ಮಾಡಿ, ಆಮ್ಯಾಲ ಸಣ್ಣ ಚಾಣ ಒಂದನ್ನ ಓರೆ ಹಿಡದು ಟಿಣ್ ಟಿಣ್ ಟಿಣ್ ಅಂತ ಕಕ್ಕು, ಅಂದ್ರ ಹಲ್ಲು, ಹೊಡೀತಿದ್ದ. ಕಣ್ಣು ಅಲಗಿನ ಮ್ಯಾಗ ಇರ್ತಿರ್ಲಿಲ್ಲ, ನಮ್ಮ ಅಪ್ಪನ ಕೂಡ ಊರ ಸುದ್ದಿ ಮಾತಾಡ್ಕೋತನ ಹೊಡಿಯಾವ, ಆದ್ರ ಒಂದ ಹಲ್ಲಿಂದ ಇನ್ನೊಂದು ಹಲ್ಲಿಗೆ ಅಂತರ ಕೂದಲಷ್ಟೂ ತಪ್ಪತಿರ್ಲಿಲ್ಲ. ಒಂದ ಮಗ್ಗಲಿಗೆ ಮಾತ್ರ, ಹಲ್ಲಿನ ಮಾರಿ ಹಿಡಿಕಿ ಕಡಿ, ಎಳದಾಗ ಕಚ್ಚಬೇಕಲ್ಲ. ಆಮ್ಯಾಲ ಮತ್ತ ಕಾಸಿ ನೀರಾಗ ಎದ್ದಿ ಹದಾ. ಚುಂಯ್ ಅನ್ನೋ ಸಪ್ಪಳಾ, ಆ ವಾಸನಿ. ರೊಕ್ಕ ಇಲ್ಲ, ಸುಗ್ಗಿ ಆದ ಮ್ಯಾಲ ಕಣದಾಗ ಆಯ, ಇಷ್ಟ ಮರ ಜ್ವಾಳ, ಅಷ್ಟ ಗೋದಿ ಅಂತ.

ನಾ ಮುಂಚೆ ಹಲ್ಲಿನ ಚಾಕು ಅಂದ್ರ ಆಳಸಿ ಮಂದೀ ಚಾಕು ಅಂತ ಬೈತಿದ್ನಿ, ಸಾಣಿ ಹಿಡಿಯಾಕ ಬ್ಯಾಸರಾದವ್ರು ತಗೊಳ್ಳೋದು ಅಂತ. ಕಂಬಾರ ಕಾಕಾ ನೆನಪಾದ ಮ್ಯಾಲ ಆ ಮಾತು ವಾಪಸ್ ತಗೊಂಡ್ನಿ. ಹಲ್ಲಿನ ಅಲಗಿಗೆ ನಮ್ಮೂರಾಗ ಎಲ್ಲಾ ಅಲಗಿಗಿಂತ ಹೆಚ್ಚಿನ ಆರೈಕಿ ಇತ್ತು. ಈಳಿಗಿ, ಕೊಡ್ಲಿ, ಮನ್ಯಾಗ ಯಾರ ಬೇಕಾದ್ರೂ ಮೆಟ್ಟಲಿಗೆ ತಿಕ್ಕತಿದ್ರು, ಕುಡಗೋಲಿಗೆ ಮಾತ್ರ ಬಲ್ಲಾವ ಬೇಕು, ವರ್ಷಾ ಬೇಕು. 30 ರೂಪಾಯಿ ಚಾಕುಗೆ ಸಾಣಿ ಬ್ಯಾಡ ಅಂತ ಅಂಗಡಿಯಾವ ಅಂದದ್ದರ ಅರ್ಥ, ಅದಕ್ಕ ಕಕ್ಕು ಹೊಡಿಯಾವ ಈ ಪ್ಯಾಟ್ಯಾಗ ಇಲ್ಲ, ಹಲ್ಲು ಸವದ್ರ ಒಗದು ಬಿಡ್ರಿ ಅಂತ. ಸೈಕಲ್ ಮ್ಯಾಗ ಸಾಣಿ ಹಿಡಿಯಾಕ ಬರಾವ್ರಿಗೆ ಹಲ್ಲಿನ ಚಾಕು ಕೊಟ್ಟು ನೋಡ್ರಿ, ಕಲ್ಲಿಗೆ ಹಿಡದು ಹಲ್ಲೇ ಉದರಿಸಿ ಪ್ಲೇನ್ ಮಾಡಿ ಕೊಡ್ತಾರ, ನಮ್ಮ ಬಾಜೂ ಮನಿಯವ್ರಿಗೆ ಹಂಗ ಆಗೈತಿ.

ಮಾಡಾಕ ಬರಂಗಿಲ್ಲ ಅಂತಲ್ಲ. ತುದಿಗೆ ಸಣ್ಣಗಾಗೋ ವಜ್ರದಪುಡಿ ಕಡ್ಡಿ ಸಿಗತಾವ, ಅದನ್ನ ಒಂದೊಂದ ಗುಂಡಿಯೊಳಗ ಹಾಕಿ, ಅರದ ಮಗ್ಗಲಿಂದ ಮಾತ್ರ, ನಾಕೈದ ಸಲ ತಿಕ್ಕಬೇಕು, ಹಿಂದಿನ ಚಪ್ಪಟಿ ಮಗ್ಗಲಿಗೆ ಬೆರಳಿಗೆ ತಾಗೋ ಸಣ್ಣ ಎಳಿ ಬರ್ತೈತಿ, ಅದನ್ನ ಕಲ್ಲಿನ ಮ್ಯಾಗ ಚಪ್ಪಟಿ ಇಟ್ಟು ಹಗೂರಕ ತಗೀಬೇಕು. ನನ್ನ ಬ್ರೆಡ್ ಚಾಕುವಿನ್ಯಾಗ 38 ಗುಂಡಿ ಅದಾವ. ಒಂದ ಕ್ರಿಕೆಟ್ ಮ್ಯಾಚಿನ ಅರ್ಧಾ ಹೋಗತೈತಿ.

ಯಾವ ಕೆಲಸಕ್ಕ ಯಾವುದು ಅಂತ ಕೇಳಿದ್ರ ನಾ ಪುಸ್ತಕ ತೋರ್ಸಂಗಿಲ್ಲ, ಹೊಲಾ ತೋರಿಸ್ತೀನಿ. ತಿಕೋಟಾ ಕಡೆ ನಮ್ಮ ಅಕ್ಕನ ಮನಿ, ಮಾಮಾಂದು ಎರಡ ಎಕರೆ ದ್ರಾಕ್ಷಿ. ಡಾಗ್‌ರಿಜ್ ಅನ್ನೋ ಜಾತಿ ಬೇರಿನ ಗಿಡಕ್ಕ ಥಾಮ್ಸನ್ ದ್ರಾಕ್ಷಿ ಕಡ್ಡಿ ಕಸಿ ಕಟ್ಟೋದು ನೋಡಬೇಕು ನೀವು, ಕಡ್ಡಿ ತುದಿ ಬೆಣಿ ಹಂಗ ಮಾಡಾಕ ಎರಡ ಏಟು, ಈ ಕಡಿಗೊಂದು ಆ ಕಡಿಗೊಂದು, ಮೂರನೇದ್ದು ಹಾಕಿದ್ರ ಮಾಮಾ ಆ ಕಡ್ಡಿ ಒಗೀತಾನ. ತೊಗಟಿ ಕೆಳಗ ತೆಳ್ಳನ ಹಸರ ಪದರ ಇರ್ತೈತಿ, ಅದಕ್ಕ ಅದು ಸರಿಯಾಗಿ ಕೂಡಿದ್ರ ಅಷ್ಟ ಕಸಿ ಹತ್ತೋದು, ಅಂಚು ಹರದ್ರ ಒಣಗಿ ಹೋತು. ಅಲ್ಲಿ ಹಲ್ಲಿನ ಮಾತೇ ಇಲ್ಲ, ದಾಡಿ ಬ್ಲೇಡೇ ಬೇಕು. ಮುಧೋಳ, ಜಮಖಂಡಿ ಕಡಿ ಕಬ್ಬು ಕಡಿಯೋ ಕೊಯ್ತಾನೂ ಪ್ಲೇನ್, ಭಾರ ಇರೋ ಪ್ಲೇನ್, ನೆಲಕ್ಕ ಹತ್ತಿ ಒಂದ ಏಟಿಗೆ ಹೋಗಬೇಕು, ಯಾಕಂದ್ರ ಸಕ್ರಿ ಬುಡದಾಗ ಜಾಸ್ತಿ, ಮತ್ತ ಬುಡ ಸೀಳಿದ್ರ ಮುಂದಿನ ಕೂಳೆ ಸರಿಯಾಗಿ ಚಿಗರಂಗಿಲ್ಲ. ಅಮೀನಗಡದ ಕರದಂಟು ಮನ್ಯಾಗ ಕೊಯ್ದು ನೋಡಿರೇನು? ಬೆಲ್ಲ, ಅಂಟು, ಗೋಡಂಬಿ, ಉತ್ತತ್ತಿ. ಹಲ್ಲಿನ ಚಾಕು ಹಾಕಿದ್ರ ಪಾಕ ಹಲ್ಲಿನ ನಡುವ ತುಂಬಿ ನಿಂತ ಬಿಡತೈತಿ, ಪುಡಿ ಪುಡಿ ಉದರತೈತಿ. ತುಪ್ಪಾ ಸವರಿದ ಪ್ಲೇನ್ ಅಲಗು ಮ್ಯಾಲಿಂದ ಒಂದ ಸಲ ಒತ್ತಿ ಇಳಿಸಿದ್ರ ಗೋಡಂಬಿ ಎರಡ ಹೋಳಾಗಿ ಒಳಗಿನ ಬಿಳುಪು ತೋರಸ್ತೈತಿ. ಹಂಗಂತ ಹೊರಸಿನ ನುಲಿಯ ಹಗ್ಗ, ಗೋಣಿ ಚೀಲದ ಸುತಳಿ, ದಪ್ಪ ರಟ್ಟಿನ ಡಬ್ಬಿ, ಇಲ್ಲಿ ಹಲ್ಲಿಗೆ ಸಾಟಿ ಇಲ್ಲ, ಪ್ಲೇನ್ ಚಾಕು ಅರ್ಧಾ ಡಬ್ಬಿಗೆ ಉಸ್ ಅಂತೈತಿ.

ಅರ್ಧಾ ಹಲ್ಲು ಅರ್ಧಾ ಪ್ಲೇನ್ ಇರೋ ಜೇಬಿನ ಚಾಕು ಬರ್ತಾವ, ಎರಡೂ ಸಿಕ್ಕಂಗಾತು ಅಂತ ನಾನೂ ಒಂದ ತಗೊಂಡ್ನಿ. ಎತ್ತು ಏರಿಗೆಳದ್ರ ಕೋಣ ನೀರಿಗೆಳಿತು. ಅಲಗ ಇರೋದ ಮೂರು ಇಂಚು, ಎಳಿಯಾಕ ಹೋದ್ರ ಹಲ್ಲು ಮುಗದು ಪ್ಲೇನಿಗೆ ಬರ್ತೈತಿ, ಕೆತ್ತಾಕ ಹೋದ್ರ ಜೋರು ಸಿಗೋ ಬುಡದಾಗ ಹಲ್ಲು ಕುಂತಿರ್ತೈತಿ. ಏಳರಾಗ ಸುಮ್ನ ಮಲಗಿದ್ದು ಅದೊಂದ.

ಮನಿಗೆ ಒಂದೇ ಚಾಕು ಅಂದ್ರ ಪ್ಲೇನ್ ತಗೋರಿ, ಭರಣಿ ತಳ ನಿಮ್ಮನ್ಯಾಗ ಐತಿ. ಎರಡನೇದ್ದು ತಗೊಳ್ಳಾಕ ರೊಕ್ಕ ಇದ್ರ ಹಲ್ಲಿಂದು, ಅದೂ ನಿಮ್ಮನ್ಯಾಗ ಬ್ರೆಡ್ ಇಡಿಯಾಗಿ ಬರ್ತಿದ್ರ. ಇಲ್ಲಾಂದ್ರ ಅದಕ್ಕ ಕೆಲಸಾನೇ ಇಲ್ಲ, 1928ರಾಗ ಅಮೆರಿಕಾದ ಮಿಸೌರಿಯೊಳಗ ರೋವೆಡರ್ ಅನ್ನಾವ ಬ್ರೆಡ್ ಕೊಯ್ಯೋ ಮಶೀನು ಕೂಡ್ರಿಸಿದಾಗಿಂದ ಆ ಕೆಲಸಾ ಬೇಕರಿಯವ್ರಿಗೆ ಹೋಗೈತಿ. ನಮ್ಮನ್ಯಾಗ ಇಡಿ ಬ್ರೆಡ್ ಬರೋದು ಅವ್ವನ ಸಲುವಾಗಿ. ಹಲ್ಲಿದ್ದಾಗ ಕಡ್ಲಿ ಇಲ್ಲ ಅಂತಾರಲ್ಲ, ಅವ್ವಗ ಈಗ ಕೆಳಗ ನಾಕು ಮ್ಯಾಲ ಎರಡು, ಕಟಕ ರೊಟ್ಟಿ ಆಗಂಗಿಲ್ಲ, ಕ್ಯಾಂಪಿನ ಬೇಕರಿ ಬ್ರೆಡ್ಡು ದಪ್ಪ ದಪ್ಪ ಕೊಯ್ದು ಚಾದಾಗ ಎದ್ದಿ ತಿಂತಾಳ.

ಹೋದ ವರ್ಷ ಮಹಾನವಮಿಗೆ ಊರಿಗೆ ಹೋದಾಗ ಪೂಜಾಕ್ಕ ಆಯುಧ ಎಲ್ಲಾ ತೊಳದು ಸಾಲಾಗಿಟ್ವಿ, ಅದರಾಗ ಅಪ್ಪನ ಕುಡಗೋಲು, ಹಲ್ಲು ಎಲ್ಲಾ ಸವದು ಬರೇ ಒಸಡು. ಕಂಬಾರ ಕಾಕಾ ಇಲ್ಲ ಈಗ. ಮಗ ಅದೇ ಜಾಗಾದಾಗ ವೆಲ್ಡಿಂಗ್ ಹಾಕ್ಯಾನ, ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲಿ. ಕುಡಗೋಲು ನೋಡಿ ನಕ್ಕ, "ಕೊಯ್ಯೋ ಮಶೀನು ಬಂದ ಮ್ಯಾಲ ಇದನ್ನ ಯಾರೂ ತಂದಿಲ್ಲೋ ಮಾರಾಯಾ" ಅಂದ. ಆದ್ರೂ ಒಳಗ ಹೋಗಿ ಗ್ರೀಸ್ ಡಬ್ಬಿಯೊಳಗಿಂದ ತನ್ನ ಅಪ್ಪನ ಚಾಣ ತಂದ. ಕುಲುಮಿ ಇಲ್ಲ, ಗ್ಯಾಸ್ ಟಾರ್ಚಿಲೆ ಕಾಸಿದ. ಕಕ್ಕು ಹೊಡಿಯಾಕ ಕುಂತಾಗ ಮಾತ್ರ ಮಾತ ನಿಲ್ಸಿದ, ಎರಡೂ ಕಣ್ಣು ಅಲಗಿನ ಮ್ಯಾಗ, ಮೊಬೈಲ್ ಬಡ್ಕೊಂತು ಎತ್ತಲಿಲ್ಲ. ನಾಕು ಇಂಚು ಹೊಡದ, ಬೆವರ ಒರಿಸ್ಕೊಂಡ, ಸಾಕು ಅಂದ. ಹಲ್ಲು ಒಂದ ದೊಡ್ಡದು, ಒಂದ ಸಣ್ಣದು, ನಡುವ ಎರಡ ಕಡೆ ಖಾಲಿ. ರೊಕ್ಕ ತಗೋಳಿಲ್ಲ.

ಬೆಳಗಾವಿಗೆ ತಂದು ಅಡಗಿ ಮನಿ ಮೊಳಿಗೆ ತೂಗ ಹಾಕಿದ್ನಿ, ಶೋಕಿಗೆ ಅಂತ. ಮೊನ್ನೆ ಆಯ್ತಾರ ಬ್ರೆಡ್ ಚಾಕುವಿನ 38 ಗುಂಡಿ ತಿಕ್ಕಿಕೋತ ಟಿವಿ ಮುಂದ ಕುಂತಿದ್ನಿ, ಇನ್ನೂ ಹದಿನೇಳನೇದ್ದರಾಗ ಇದ್ನಿ. ಅವ್ವಗ ಚಾ ಆರಾಕತ್ತಿತ್ತು. ಎದ್ದು ಹೋಗಿ ಕುಡಗೋಲು ಇಳಿಸಿ, ಸೆರಗಿಲೆ ಒರಸಿ, ಬ್ರೆಡ್ ಎಡಗೈಲೆ ಒತ್ತಿ ಹಿಡದು ಗೋದಿ ಕೊಯ್ದಂಗ ತನ್ನ ಕಡಿ ಎಳದ್ಳು. ಮೂರು ಎಳತಕ್ಕ ಒಂದು ತುಂಡು. ಕಕ್ಕು ಒಂದ ಮಗ್ಗಲಿಗಷ್ಟ ಐತಲ್ಲ, ಮ್ಯಾಲ ಒಂದ ಇಂಚು ದಪ್ಪ, ಕೆಳಗ ಬರೋ ಹೊತ್ತಿಗೆ ಕಾಗದದಂಗ.

"ವಾಲತೈತಿ ನೋಡವ್ವಾ" ಅಂದ್ನಿ.

"ವಾಲ್ಲಿ ಬಿಡೋ, ಚಾದಾಗ ಹೋದ್ರ ನೆಟ್ಟಗೇನು ಸೊಟ್ಟಗೇನು" ಅಂತ ತೆಳ್ಳನ ಕಡಿಂದ ಎದ್ದಿದ್ಳು.